ಎರಡು ಮಹಡಿ, 40 ಮೇಜು, ಹಿಂದೊಂದು ಗೋದಾಮು: ಕೇಬಲ್ ಹೇಗೆ ಎಳೆಸಬೇಕು?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಆಫೀಸ್ ಹೊಸ ಕಟ್ಟಡಕ್ಕೆ ಹೋಗುತ್ತಿದೆ. ಕೆಳಗೆ 18 ಮೇಜು, ಮೇಲೆ 22. ಜೊತೆಗೆ 4 ವೈಫೈ ಆಕ್ಸೆಸ್ ಪಾಯಿಂಟ್, 8 ಕ್ಯಾಮೆರಾ, 2 ಪ್ರಿಂಟರ್. ಹಿಂದೆ ಸುಮಾರು 130 ಮೀಟರ್ ದೂರದಲ್ಲಿ ಒಂದು ಗೋದಾಮು ಇದೆ. ಪ್ರತಿ ಕೋಣೆಗೆ ಒಂದೇ ಕೇಬಲ್ ಎಳೆದು ಅಲ್ಲಿ 8 ಪೋರ್ಟಿನ ಸಣ್ಣ ಸ್ವಿಚ್ ಇಟ್ಟರೆ ಸಾಕು, ಕೇಬಲ್ ಉಳಿಯುತ್ತದೆ ಅಂತ ಎಲೆಕ್ಟ್ರಿಷಿಯನ್ ಹೇಳುತ್ತಿದ್ದಾರೆ. ನಾನು 24 ಪೋರ್ಟಿನ ಒಂದು ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಸಾಧನಕ್ಕೆ ಕರೆಂಟೂ ಕೊಡುವಂಥದ್ದು) ನೋಡಿಟ್ಟಿದ್ದೇನೆ. ಅದನ್ನು ಈಗಲೇ ತೆಗೆದುಕೊಳ್ಳಬಹುದಾ? ಫಾಲ್ಸ್ ಸೀಲಿಂಗ್ ಕೆಲಸ ಇನ್ನೂ ಶುರುವಾಗಿಲ್ಲ.

ಉತ್ತರ: ನಮಸ್ಕಾರ ಸರ್. ಸೀಲಿಂಗ್ ಇನ್ನೂ ಮುಚ್ಚಿಲ್ಲ ಅಂತ ಓದಿ ಖುಷಿಯಾಯಿತು. ಒಳ್ಳೆಯ ಸಮಯಕ್ಕೆ ಕೇಳಿದ್ದೀರಿ.

ಸ್ವಿಚ್ ಸದ್ಯಕ್ಕೆ ಬೇಡ. ಸ್ವಿಚ್ಚನ್ನು ಒಂದು ಸಂಜೆಯಲ್ಲಿ ಬದಲಾಯಿಸಬಹುದು. ಗೋಡೆಯೊಳಗೆ ಹೋದ ಕೇಬಲ್ ಹಾಗಲ್ಲ, ಅದನ್ನು ಬದಲಾಯಿಸಬೇಕಾದರೆ ಸೀಲಿಂಗ್ ಬಿಚ್ಚಬೇಕು, ಜನ ಕೆಲಸ ನಿಲ್ಲಿಸಬೇಕು. ಹಾಗಾಗಿ ಮೊದಲು ಕೇಬಲ್ ಯೋಚಿಸಿ. ಪ್ರತಿ ಮೇಜಿನಿಂದ ಎರಡು ಕೇಬಲ್ ನೇರವಾಗಿ ಒಂದೇ ರ್ಯಾಕಿಗೆ ಬರಲಿ. ಮಧ್ಯದಲ್ಲಿ ಎಲ್ಲೂ ಸ್ವಿಚ್ ಬೇಡ, ಜಾಯಿಂಟೂ ಬೇಡ. ಒಂದು ಕೇಬಲ್ ಕೆಟ್ಟರೆ ಇನ್ನೊಂದು ಇರುತ್ತದೆ. ನಾಳೆ ಆ ಮೇಜಿಗೆ ಫೋನೋ ಪ್ರಿಂಟರೋ ಬಂದರೆ ಜಾಗ ಸಿದ್ಧವಿರುತ್ತದೆ. 40 ಮೇಜಿಗೆ 80 ಕೇಬಲ್, ಉಳಿದ ಸಾಧನಗಳಿಗೆ 14. ಒಟ್ಟು 94. ರ್ಯಾಕಿನಲ್ಲಿ ಅವೆಲ್ಲ ಬಂದು ಸೇರುವ ಜ್ಯಾಕುಗಳ ಸಾಲಿಗೆ ಪ್ಯಾಚ್ ಪ್ಯಾನೆಲ್ ಅನ್ನುತ್ತಾರೆ. 24 ಪೋರ್ಟಿನದ್ದು ನಾಲ್ಕು ಹಾಕಿದರೆ 96 ಆಗುತ್ತದೆ, ಆದರೆ ಐದು ಹಾಕಿಸಿ. ಎಲ್ಲ ಕೇಬಲ್ ಪ್ಯಾಚ್ ಪ್ಯಾನೆಲ್ಲಿನಲ್ಲೇ ಕೊನೆಯಾಗಲಿ. ಈಗ ಬಳಕೆಯಲ್ಲಿರುವುದನ್ನು ಮಾತ್ರ ಸ್ವಿಚ್ಚಿಗೆ ಜೋಡಿಸಿ.

ಕೋಣೆಗೊಂದು ಸಣ್ಣ ಸ್ವಿಚ್ ಬೇಡ ಅನ್ನುವುದಕ್ಕೆ ಮುಖ್ಯ ಕಾರಣ ಲೂಪ್, ಅಂದರೆ ಡೇಟಾ ಹೊರಟಲ್ಲಿಗೇ ಮರಳಿ ಸುತ್ತುವ ದಾರಿ. ಮೇಜಿನ ಕೆಳಗೆ ಒಂದು ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಪ್ಲಗ್ ಇರುವ ಗಿಡ್ಡ ಕೇಬಲ್) ಬಿದ್ದಿರುತ್ತದೆ. ಕ್ಲೀನ್ ಮಾಡುವಾಗ ಯಾರೋ ಅದರ ಎರಡೂ ತುದಿಯನ್ನು ಅದೇ ಸ್ವಿಚ್ಚಿಗೆ ಚುಚ್ಚುತ್ತಾರೆ. ಸ್ವಲ್ಪ ಹೊತ್ತಿಗೆ ಎಲ್ಲ ದೀಪಗಳೂ ಒಟ್ಟಿಗೆ ಪಟಪಟ ಮಿನುಗಲು ಶುರು, ಇಡೀ ಆಫೀಸಿನ ನೆಟ್‌ವರ್ಕ್ ಬಂದ್. ಇಂಟರ್ನೆಟ್ಟಿನಲ್ಲಿ ಓಡುವ ಡೇಟಾದ ತುಣುಕಿಗೆ, ಅಂದರೆ ಐಪಿ ಪ್ಯಾಕೆಟ್ಟಿಗೆ, ಟಿಟಿಎಲ್ ಅಂತ ಒಂದು ಎಣಿಕೆ ಇದೆ, ಅದು ಮುಗಿದರೆ ಪ್ಯಾಕೆಟ್ ಸಾಯುತ್ತದೆ. ಅದನ್ನು ಸ್ವಿಚ್ಚುಗಳ ನಡುವೆ ಹೊರುವ ಈಥರ್ನೆಟ್ ಫ್ರೇಮಿಗೆ ಆ ಎಣಿಕೆ ಇಲ್ಲ. ಲೂಪ್ ಸಿಕ್ಕರೆ ಸುತ್ತುತ್ತಲೇ ಇರುತ್ತದೆ, ಸುತ್ತುತ್ತಾ ಹೆಚ್ಚುತ್ತದೆ. ಇದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ಅನ್ನುವ ವ್ಯವಸ್ಥೆ ಸಾಧಾರಣವಾಗಿ ಆ ಸಣ್ಣ ಸ್ವಿಚ್ಚುಗಳಲ್ಲಿ ಇರುವುದಿಲ್ಲ. ರ್ಯಾಕಿಗೆ ಮ್ಯಾನೇಜ್ಡ್ ಸ್ವಿಚ್, ಅಂದರೆ ಸೆಟ್ಟಿಂಗ್ ಬದಲಾಯಿಸಬಲ್ಲ ಸ್ವಿಚ್ ತೆಗೆದುಕೊಳ್ಳಿ. ಸ್ಪ್ಯಾನಿಂಗ್ ಟ್ರೀ ಜೊತೆಗೆ ಮೇಜಿನ ಪೋರ್ಟುಗಳಲ್ಲಿ ಬಿಪಿಡಿಯು ಗಾರ್ಡ್ ಅಥವಾ ಲೂಪ್ ಪ್ರೊಟೆಕ್ಷನ್ (ಲೂಪ್ ಕಂಡ ಪೋರ್ಟನ್ನೇ ಮುಚ್ಚುವ ಸೆಟ್ಟಿಂಗ್) ಆನ್ ಮಾಡಿಸಿ.

ಇನ್ನು ನಿಮ್ಮ 24 ಪೋರ್ಟಿನ ಸ್ವಿಚ್. ಅದರ ಡೇಟಾಶೀಟ್‌ನಲ್ಲಿ ಒಟ್ಟು ಪಿಒಇ ಎಷ್ಟು ವ್ಯಾಟ್ ಅಂತ ಬರೆದಿದೆ ನೋಡಿ ಹೇಳುತ್ತೀರಾ?

ಪ್ರಶ್ನೆ: 190 ವ್ಯಾಟ್ ಅಂತ ಇದೆ ಮೇಡಂ. ಪ್ರತಿ ಪೋರ್ಟಿಗೆ 30 ವ್ಯಾಟ್ ಅಂತಲೂ ಇದೆ. ಹಾಗಾದರೆ 24 ಪೋರ್ಟಿಗೂ 30 ಸಿಗುವುದಿಲ್ವಾ?

ಉತ್ತರ: ಸಿಗುವುದಿಲ್ಲ ಸರ್. 30 ಅನ್ನುವುದು ಒಂದು ಪೋರ್ಟ್ ಕೊಡಬಲ್ಲ ಗರಿಷ್ಠ. 190 ಅನ್ನುವುದು ಎಲ್ಲ ಪೋರ್ಟುಗಳೂ ಸೇರಿ ಹಂಚಿಕೊಳ್ಳಬೇಕಾದದ್ದು. ನಿಮ್ಮ ಲೆಕ್ಕ ಮಾಡೋಣ. ಒಂದು ಆಕ್ಸೆಸ್ ಪಾಯಿಂಟಿಗೆ 25 ವ್ಯಾಟ್ ಅಂತ ಹಿಡಿದರೆ ನಾಲ್ಕಕ್ಕೆ 100. ಕ್ಯಾಮೆರಾಗೆ 13 ಅಂತ ಹಿಡಿದರೆ ಎಂಟಕ್ಕೆ 104. ಇಷ್ಟಕ್ಕೇ 204 ಆಯಿತು. ಅರ್ಧ ಪೋರ್ಟ್ ಖಾಲಿ ಇರುವಾಗಲೇ ವ್ಯಾಟ್ ಮುಗಿದಿರುತ್ತದೆ. ಇದರ ತೊಂದರೆ ಹಗಲು ಕಾಣುವುದಿಲ್ಲ. ರಾತ್ರಿ ಕ್ಯಾಮೆರಾಗಳ ಇನ್‌ಫ್ರಾರೆಡ್ ದೀಪ ಹತ್ತಿದಾಗ ಬಳಕೆ ಏರುತ್ತದೆ, ಆಗ ಒಂದೆರಡು ಸಾಧನ ಆಫ್ ಆಗುತ್ತವೆ. ನಿಮ್ಮ ಸಾಧನಗಳ ಡೇಟಾಶೀಟಿನ ಗರಿಷ್ಠ ಸಂಖ್ಯೆಯನ್ನೇ ಕೂಡಿಸಿ, ಅದರ ಮೇಲೆ ಕಾಲು ಭಾಗವಾದರೂ ಜಾಸ್ತಿ ಇರುವ ಸ್ವಿಚ್ ಆರಿಸಿ.

ಕೇಬಲ್ ವಿಷಯಕ್ಕೆ ಬಂದರೆ, ಮೇಜುಗಳಿಗೆ ಕ್ಯಾಟ್ 6 ದರ್ಜೆಯ ಕೇಬಲ್ ಸಾಕು. ಆಕ್ಸೆಸ್ ಪಾಯಿಂಟುಗಳಿಗೆ ಅದಕ್ಕಿಂತ ಮೇಲಿನ ಕ್ಯಾಟ್ 6ಎ ಎಳೆಸಿ. ಒಂದು ಗಿಗಾಬಿಟ್ ವೇಗಕ್ಕೆ ಎರಡೂ 100 ಮೀಟರ್ ತಡೆಯುತ್ತವೆ. 10 ಗಿಗಾಬಿಟ್ ಬೇಕಾದಾಗ ಕ್ಯಾಟ್ 6 ಸುಮಾರು 55 ಮೀಟರಿಗೆ ಸೋಲುತ್ತದೆ, ಕೇಬಲ್ ಕಟ್ಟು ದಟ್ಟವಾಗಿದ್ದರೆ ಅದಕ್ಕೂ ಮೊದಲೇ. ಕ್ಯಾಟ್ 6ಎ ಪೂರ್ತಿ 100 ಮೀಟರ್ ಹೋಗುತ್ತದೆ. ಆ 100 ರಲ್ಲಿ ಗೋಡೆಯೊಳಗಿನ ಕೇಬಲ್ಲಿಗೆ 90 ಅಂತ ಲೆಕ್ಕ, ಉಳಿದ 10 ಎರಡೂ ತುದಿಯ ಪ್ಯಾಚ್ ಕಾರ್ಡಿಗೆ. ಅಳೆಯುವಾಗ ನಕ್ಷೆಯ ಮೇಲೆ ನೇರ ಗೆರೆ ಎಳೆಯಬೇಡಿ. ಕೇಬಲ್ ಗೋಡೆ ಹತ್ತುತ್ತದೆ, ಸೀಲಿಂಗಿನಲ್ಲಿ ತಿರುಗುತ್ತದೆ, ಮತ್ತೆ ಇಳಿಯುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಪೂರ್ತಿ ತಾಮ್ರದ ಕೇಬಲ್ಲೇ ಆಗಬೇಕು. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಸಿಸಿಎ ಕೇಬಲ್ ಕಡಿಮೆಗೆ ಸಿಗುತ್ತದೆ. ಅದರ ರೋಧ ಜಾಸ್ತಿ, ಪಿಒಇ ಹರಿಸಿದರೆ ಜಾಸ್ತಿ ಬಿಸಿಯಾಗುತ್ತದೆ. ಬಾಕ್ಸ್ ಮೇಲೆ ಕ್ಯಾಟ್ 6 ಅಂತ ಬರೆದಿದ್ದರೂ ಅದು ಸ್ಟ್ಯಾಂಡರ್ಡ್ ಪ್ರಕಾರದ ಕೇಬಲ್ ಅಲ್ಲ.

ಇನ್ನೊಬ್ಬ ಸದಸ್ಯರು: ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ಗೋದಾಮಿಗೆ 130 ಮೀಟರ್ ಅಲ್ವಾ? ಅರ್ಧ ದಾರಿಯಲ್ಲಿ ಒಂದು ಪೆಟ್ಟಿಗೆ ಕೂರಿಸಿ ಅದರೊಳಗೆ ಸ್ವಿಚ್ ಇಟ್ಟರೆ ತಾಮ್ರದಲ್ಲೇ ಮುಗಿಯುತ್ತದಲ್ಲ?

ಉತ್ತರ: ಮುಗಿಯುತ್ತದೆ, ಆದರೆ ಮಾಡಬೇಡಿ. ಎರಡು ಕಟ್ಟಡಗಳ ಅರ್ತಿಂಗ್ ಬೇರೆ ಬೇರೆ ಇರುತ್ತದೆ. ಹತ್ತಿರ ಸಿಡಿಲು ಬಿದ್ದರೆ ಆ ಎರಡರ ನಡುವೆ ದೊಡ್ಡ ವೋಲ್ಟೇಜ್ ವ್ಯತ್ಯಾಸ ಬರುತ್ತದೆ, ಅದು ತಾಮ್ರದ ಕೇಬಲ್ ಹಿಡಿದು ಎರಡೂ ಕಡೆಯ ಪೋರ್ಟುಗಳಿಗೆ ನುಗ್ಗುತ್ತದೆ. ಫೈಬರ್ ಅಂದರೆ ಬೆಳಕಿನಲ್ಲಿ ಡೇಟಾ ಒಯ್ಯುವ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಲೋಹದ ಕವಚವಿಲ್ಲದ, ಹೊರಾಂಗಣದ ಸಿಂಗಲ್ ಮೋಡ್ ಫೈಬರ್ ಹಾಕಿ. ಬೇಕಾಗುವುದು ಎರಡು ಎಳೆ, ಆದರೂ ಆರು ಎಳೆಯದ್ದು ಹಾಕಿಸಿ. ನೆಲ ಅಗೆಯುವ ಕೆಲಸ ಒಂದೇ ಅಲ್ವಾ? ಪೈಪಿನೊಳಗೆ ಒಂದು ನೈಲಾನ್ ಹಗ್ಗವನ್ನೂ ಬಿಟ್ಟಿರಿ, ಮುಂದೆ ಇನ್ನೊಂದು ಕೇಬಲ್ ಎಳೆಯಲು. ಗೋದಾಮಿನ ಕಡೆ ಎಸ್‌ಎಫ್‌ಪಿ ಪೋರ್ಟ್ (ಫೈಬರ್ ಜೋಡಿಸುವ ಪೋರ್ಟ್) ಇರುವ ಒಂದು ಸಣ್ಣ ಮ್ಯಾನೇಜ್ಡ್ ಸ್ವಿಚ್ ಸಾಕು.

ಪ್ರಶ್ನೆ: ಅರ್ಥವಾಯಿತು ಮೇಡಂ. ಕೇಬಲ್ ಎಳೆಯುವವರ ಕೆಲಸ ಸರಿಯಾಗಿದೆ ಅಂತ ನಾನು ಹೇಗೆ ನೋಡಿಕೊಳ್ಳಲಿ? ಅವರ ಹತ್ತಿರ ಎಂಟು ದೀಪದ ಟೆಸ್ಟರ್ ಇದೆಯಂತೆ.

ಉತ್ತರ: ಆ ಟೆಸ್ಟರ್ ಒಂದೇ ಸಾಲದು ಸರ್. ಕೇಬಲ್ಲಿನೊಳಗೆ ತಂತಿಗಳು ಜೋಡಿ ಜೋಡಿಯಾಗಿ ಹೆಣೆದಿರುತ್ತವೆ. 3 ಮತ್ತು 6ನೇ ಪಿನ್ನಿಗೆ ಒಂದೇ ಜೋಡಿ ಹೋಗಬೇಕು, 4 ಮತ್ತು 5ಕ್ಕೆ ಇನ್ನೊಂದು. ಕೆಲವರು ಬಣ್ಣಗಳನ್ನು ಸುಮ್ನೆ ಸಾಲಾಗಿ 1-2, 3-4, 5-6, 7-8 ಅಂತ ಎರಡೂ ಕಡೆ ಒಂದೇ ರೀತಿ ಕೂರಿಸುತ್ತಾರೆ. ಎಂಟು ದೀಪವೂ ಹತ್ತುತ್ತದೆ, ಟೆಸ್ಟರ್ ಪಾಸ್ ಅನ್ನುತ್ತದೆ. ಆದರೆ ಜೋಡಿ ಒಡೆದಿರುವುದರಿಂದ ಸಿಗ್ನಲ್ ಒಂದರಿಂದ ಇನ್ನೊಂದಕ್ಕೆ ಸೋರುತ್ತದೆ, ಲಿಂಕ್ ಆಗಾಗ ಬೀಳುತ್ತದೆ ಅಥವಾ ನಿಧಾನವಾಗುತ್ತದೆ. ಎಲ್ಲ ಕಡೆ ಟಿ568ಬಿ (ತಂತಿಯ ಬಣ್ಣಗಳನ್ನು ಪಿನ್ನಿಗೆ ಕೂರಿಸುವ ಸ್ಟ್ಯಾಂಡರ್ಡ್ ಕ್ರಮ) ಅಂತ ಮೊದಲೇ ಬರೆದು ಕೊಡಿ. ಜ್ಯಾಕ್ ಕೂರಿಸುವ ಜಾಗದಲ್ಲಿ ಹೆಣಿಗೆ ಬಿಚ್ಚಿದ್ದು 13 ಮಿಲಿಮೀಟರ್ ಮೀರಬಾರದು. ಒಂದೆರಡು ಜ್ಯಾಕ್ ತೆಗೆಸಿ ನಿಮ್ಮ ಕಣ್ಣಿನಿಂದಲೇ ನೋಡಿ.

ಕೇಬಲ್ ಬಾಗುವ ಕಡೆ ಬಾಗಿನ ತ್ರಿಜ್ಯ ಕೇಬಲ್ ದಪ್ಪದ ನಾಲ್ಕು ಪಟ್ಟಾದರೂ ಇರಲಿ. ಕಟ್ಟುಗಳಿಗೆ ಪ್ಲಾಸ್ಟಿಕ್ ಟ್ಯಾಗ್ ಬಿಗಿಯಬೇಡಿ, ವೆಲ್ಕ್ರೋ ಪಟ್ಟಿ ಹಾಕಿಸಿ. ಕರೆಂಟಿನ ವೈರ್ ಇರುವ ಪೈಪಿನಲ್ಲಿ ಇದನ್ನು ತೂರಿಸಲು ಬಿಡಬೇಡಿ.

ಲೇಬಲ್ ಎರಡೂ ತುದಿಗೆ ಒಂದೇ ಇರಬೇಕು: ಮಹಡಿ, ಕೋಣೆ, ಪಾಯಿಂಟ್ ಸಂಖ್ಯೆ. ಅದೇ ಸಂಖ್ಯೆಯನ್ನು ಕಟ್ಟಡದ ನಕ್ಷೆಯ ಮೇಲೂ ಬರೆಸಿ, ಒಂದು ಪ್ರತಿ ರ್ಯಾಕಿನ ಬಾಗಿಲಿಗೆ ಅಂಟಿಸಿ.

ಕ್ಯಾಟ್ 6 ಮಟ್ಟಕ್ಕೆ ಅಳೆಯುವ ಸರ್ಟಿಫೈಯರ್ ಯಂತ್ರದಿಂದ 94 ಕೇಬಲ್ಲಿಗೂ ರಿಪೋರ್ಟ್ ಕೇಳಿ, ಆಕ್ಸೆಸ್ ಪಾಯಿಂಟಿನ ನಾಲ್ಕಕ್ಕೆ 6ಎ ಮಟ್ಟದ್ದು. ಈ ಷರತ್ತು ಕೆಲಸದ ಆರ್ಡರಿನಲ್ಲೇ ಇರಲಿ. ರಿಪೋರ್ಟ್ ನಿಮ್ಮ ಕೈಗೆ ಬರುವ ತನಕ ಸೀಲಿಂಗ್ ಮುಚ್ಚಿಸಬೇಡಿ. ಆ ಹೊತ್ತಿಗೆ ಪಿಒಇ ಲೆಕ್ಕವೂ ಮುಗಿದಿರುತ್ತದೆ. ಅದನ್ನು ಇಲ್ಲೇ ಹಾಕಿ, ಸ್ವಿಚ್ ಯಾವುದು ಅಂತ ಒಟ್ಟಿಗೆ ಕೂತು ನೋಡೋಣ.