ನಾರ್ವೇಜಿಯನ್ ಪದದಲ್ಲಿ ಒತ್ತು ಎಲ್ಲಿ?

ಪ್ರಶ್ನೆ: ಮೇಡಂ, ನಾರ್ವೆಯ ಸ್ಟವಂಗರ್‌ಗೆ ಬಂದು ಎಂಟು ತಿಂಗಳಾಯಿತು. ಮೊದಲ ಅಕ್ಷರ ಒತ್ತಿ ಹೇಳಿದರೆ ಸಾಕು ಅಂತ ಯಾರೋ ಹೇಳಿದ್ದರು. ನಿನ್ನೆ ಅಂಗಡಿಯಲ್ಲಿ ದುಡ್ಡು ಕೊಡಲು ಹೋಗಿ 'ಬೇಟಲೆ' ಅಂದೆ. ಹುಡುಗಿ ಕಣ್ಣು ಕಣ್ಣು ಬಿಟ್ಟಳು. ಕಾರ್ಡ್ ತೋರಿಸಿದ ಮೇಲೆ 'ಓ, ಬೆಟಾಲೆ!' ಅಂದಳು. ಇದಕ್ಕೆ ನಿಯಮ ಏನಾದರೂ ಇದೆಯಾ?

ಉತ್ತರ: ಅವರು ಹೇಳಿದ್ದು ಅರ್ಧ ನಿಜ. ಅಚ್ಚ ನಾರ್ವೇಜಿಯನ್ ಪದಗಳಲ್ಲಿ ಒತ್ತು ಮೊದಲಲ್ಲೇ. (ಒತ್ತಕ್ಷರ ಅಲ್ಲ, ದನಿಯ ಒತ್ತು!) ಆದರೆ 'ಬೆ', 'ಫೊರ್' ಅಂತ ಶುರುವಾಗುವ ಎಷ್ಟೋ ಪದಗಳು ಉತ್ತರ ಜರ್ಮನಿಯ ವ್ಯಾಪಾರಿಗಳ ಜೊತೆ ಬಂದವು. ಅವುಗಳ ತಲೆಗೆ ಒತ್ತಿಲ್ಲ. ಫೊರ್‌ಸ್ಟೋ, ಅಂದರೆ ಅರ್ಥವಾಗು. ಒತ್ತು 'ಸ್ಟೋ' ಮೇಲೆ. ಆದರೆ ಫೊರ್‌ನವ್ನ್, ಅಂದರೆ ಮೊದಲ ಹೆಸರು, ಇದರಲ್ಲಿ 'ಫೊರ್' ಮೇಲೇ. ಇಲ್ಲಿ 'ಫೊರ್' ಅಂದರೆ ಮುಂದಿನದು. ಕಿರಿಕಿರಿ ಅಲ್ವಾ? ಸ್ಟಶೂನ್, ಬನಾನ್ ಥರದ ಎರವಲು ಪದಗಳಲ್ಲಿ ಒತ್ತು ಕೊನೆಗೆ. ಪೂರ್ವದ ಕೆಲವು ಆಡುಮಾತುಗಳಲ್ಲಿ ಮಾತ್ರ ಅವನ್ನೂ ಮೊದಲಲ್ಲೇ ಒತ್ತುತ್ತಾರೆ. ಇನ್ನು ನಿಮ್ಮ ಊರಿನ ಹೆಸರೇ ನೋಡಿ, ಅದರಲ್ಲೂ ಒತ್ತು ಮೊದಲಲ್ಲಿಲ್ಲ, 'ವಂ' ಮೇಲಿದೆ.

ಹೈಸ್ಕೂಲಿನಲ್ಲಿ ಗುರು-ಲಘು ಹಾಕಿದ್ದು ನೆನಪಿದೆಯಾ? ಇಲ್ಲಿ ಒತ್ತು ಬಿದ್ದ ಅಕ್ಷರ ಯಾವಾಗಲೂ ಗುರು. ಒಂದೋ ಸ್ವರ ಉದ್ದ, ಇಲ್ಲವೇ ಮುಂದಿನ ವ್ಯಂಜನ ಗಟ್ಟಿ. 'ಟಾಕ್' ಅಂದರೆ ಚಾವಣಿ, 'ಟಕ್ಕ್' ಅಂದರೆ ಥ್ಯಾಂಕ್ಸ್. ಹಳಿ, ಹಳ್ಳಿ ಗೊತ್ತಿರುವ ನಮಗೆ ಇದು ಸುಲಭ. ನಾವು ಎಡವುವುದು ಬೇರೆ ಕಡೆ: ಒತ್ತಿಲ್ಲದ ಅಕ್ಷರವನ್ನೂ ಸುಮ್ನೆ ಎಳೆಯುತ್ತೇವೆ. ಕನ್ನಡದಲ್ಲಿ ದೀರ್ಘ ಎಲ್ಲಿ ಬೇಕಾದರೂ ಬರುತ್ತದೆ. ಇಲ್ಲಿ ಒತ್ತಿದ್ದಲ್ಲಿ ಮಾತ್ರ.

ಪ್ರಶ್ನೆ: ಮತ್ತೆ ಸಾಲಿನ ಕೊನೆಯಲ್ಲಿ ಪದ ಒಡೆಯುವುದು ಹೇಗೆ ಮೇಡಂ?

ಉತ್ತರ: ಜೋಡುಪದವಾದರೆ ಬೆಸುಗೆ ಇರುವಲ್ಲೇ ಒಡೆಯಿರಿ. ಶಿಶುವಿಹಾರಕ್ಕೆ ಬಾರ್ನೆ-ಹಾಗೆ ಅನ್ನುತ್ತಾರೆ, ಅಂದರೆ ಮಕ್ಕಳ ತೋಟ. ಒತ್ತು 'ಬಾರ್' ಮೇಲೆ, 'ಹಾ' ಮೇಲೆ ಅರ್ಧ ಒತ್ತು. ಅದಕ್ಕೇ ಅದೂ ಉದ್ದ. ಬಿಡಿ ಪದವಾದರೆ ಒಂದು ವ್ಯಂಜನ ಮಾತ್ರ ಕೆಳಗಿನ ಸಾಲಿಗೆ. ಎಸೆ ಅನ್ನುವುದಕ್ಕೆ ಕಸ್-ಟೆ. ನಮ್ಮ ಲಿಪಿಯ ರೂಢಿಯಲ್ಲಿ ಕ-ಸ್ಟೆ ಮಾಡಬೇಡಿ.

ಪ್ರಶ್ನೆ: ಕೋಣೆಗೆ 'ರುಮ್' ಅನ್ನುತ್ತಾರೆ. ಸ್ವರ ಗಿಡ್ಡ, ಆದರೂ ಕೊನೆಗೆ ಒಂದೇ ಎಂ ಬರೆಯುತ್ತಾರಲ್ಲ?

ಉತ್ತರ: ಒಳ್ಳೇ ಕಣ್ಣು! ಪದದ ಕೊನೆಗೆ ಎರಡು ಎಂ ಬರೆಯುವುದಿಲ್ಲ, ಅಷ್ಟೇ. 'ಆ ಕೋಣೆ' ಅನ್ನಲು 'ರುಮ್ಮೆ' ಮಾಡಿದಾಗ ಎರಡನೆಯದೂ ಕಾಣಿಸಿಕೊಳ್ಳುತ್ತದೆ.