ಮನೆಯಲ್ಲೇ ಕಲಿಯೋ ಮಗಳಿಗೆ ಏನೇನು ಆಡಿಸಬಹುದು? ಅನುಭವ ಹೇಳಿ

ಮೈಸೂರಿನ ಅಮ್ಮ: ಮಗಳಿಗೆ 7 ವರ್ಷ. ಶಾಲೆ ಬಿಡಿಸಿ ಐದು ತಿಂಗಳಾಯ್ತು. ಕೂಡೋದು ಕಳೆಯೋದು ಅಂದ್ರೆ ಪುಸ್ತಕ ಮುಚ್ಚಿ ಎದ್ದು ಹೋಗ್ತಾಳೆ. ಆಟದ ಹಾಗೆ ಕಲಿಸೋಕೆ ನಿಮ್ಮನೇಲಿ ಏನು ನಡೀತು?

ರಾಮನಗರದ ಅಮ್ಮ: ನಾವು ರೇಷ್ಮೆ ಹುಳ ಸಾಕಿದ್ವಿ. ಎರಡನೇ ಜ್ವರ (ಹುಳ ಮೇವು ಬಿಟ್ಟು ಪೊರೆ ಕಳಚೋ ಹೊತ್ತು) ಎದ್ದ 50 ಹುಳ ಚಾಕಿ ಮಾಡೋರಿಂದ, ಅಂದ್ರೆ ಮರಿಹುಳ ಸಾಕಿ ಕೊಡೋರಿಂದ, ತಂದು ಮೊರದಲ್ಲಿ ಬಿಟ್ವಿ. ಮಗ ದಿನಾ ಸ್ಕೇಲ್ ಹಿಡಿದು ಅಳೆದು ಕ್ಯಾಲೆಂಡರಲ್ಲಿ ಬರೀತಿದ್ದ. ಮೂರನೇ ಜ್ವರಕ್ಕೆ ತಲೆ ಎತ್ತಿ ಅಲ್ಲಾಡದೆ ಕೂತಾಗ ಸತ್ತೋದ್ವು ಅಂತ ಅತ್ತ. ಪೊರೆ ಬಿಟ್ಟು ಸೊಪ್ಪಿಗೆ ಬಾಯಿ ಹಾಕಿದಾಗ ಕುಣಿದ. ತಪ್ಪು ಮಾಡಿದ್ದು ನಾನು. ಸೊಪ್ಪು ಸಾಲದೆ ಪಕ್ಕದ ತೋಟದ್ದು ಕುಯ್ಕೊಂಡು ಬಂದೆ, ಅದಕ್ಕೆ ಔಷಧಿ ಹೊಡೆದಿದ್ರು. ಸಂಜೆಯೊಳಗೆ 31 ಹುಳ ಹಸಿರು ಕಕ್ಕಿ ಸತ್ವು. 50ರಲ್ಲಿ 31 ಹೋದ್ರೆ ಎಷ್ಟು ಅಂತ ಅವನೇ ಬೆರಳು ಮಡಚಿ ಎಣಿಸಿದ. ನಾನು ಕೇಳಿರಲಿಲ್ಲ. ಚಂದ್ರಿಕೆಗೆ (ಗೂಡು ಕಟ್ಟೋಕೆ ಇಡೋ ಬಿದಿರಿನ ತಟ್ಟೆಗೆ) ಹತ್ತಿ ಗೂಡು ಕಟ್ಟಿದ್ದು 12.

ಬೆಂಗಳೂರಿನ ಅಪ್ಪ: ಹುಳ ಸಾಯಿಸಿ ಲೆಕ್ಕ ಕಲಿಸೋದು ನನಗೆ ಒಗ್ಗಲ್ಲ. ನನ್ನ ಕಥೆ ಕೇಳಿ. ತಿಂಗಳಿಗೆ 1,450 ರೂಪಾಯಿಯ ವಿಜ್ಞಾನದ ಪೆಟ್ಟಿಗೆ, ಆರು ತಿಂಗಳದ್ದು 8,700 ಒಟ್ಟಿಗೇ ಕಟ್ಟಿದೆ. ಮೂರನೇ ಪೆಟ್ಟಿಗೆಯಲ್ಲಿ ಫ್ಯಾನ್ ಮಾಡೋಕೆ ಎಲ್ಲಾ ಇತ್ತು, ಮೋಟರ್ ಇರಲಿಲ್ಲ. ವಾಪಸ್ ಕಳಿಸೋ ಕೊರಿಯರ್ 180 ನನ್ನದೇ. ದುಡ್ಡು ಇವತ್ತಿಗೂ ಬಂದಿಲ್ಲ. ಕೊನೆಗೆ ಅಟ್ಟದಿಂದ ಅಜ್ಜಿಯ ಅಳಗುಳಿಮಣೆ ಇಳಿಸಿದೆ. 14 ಗುಳಿ, ಗುಳಿಗೆ 5 ಹುಣಸೆಬೀಜ. ಈಗ ಮಗಳು ಕೈ ಹಾಕೋ ಮುಂಚೆಯೇ ಬೀಜ ಎಲ್ಲಿ ಮುಗಿಯತ್ತೆ ಅಂತ ಹೇಳ್ತಾಳೆ.

ರಾಮನಗರದ ಅಮ್ಮ: ಸಾಯಿಸಿದೆ ಅಂದ್ರಲ್ಲ, ಆ ಮಾತು ವಾಪಸ್ ತಗೊಳ್ಳಿ. ನಮ್ಮತ್ತೆ ಮೂವತ್ತು ವರ್ಷ ಹುಳ ಮೇಯಿಸಿ ಮನೆ ನಡೆಸಿದ್ದಾರೆ. ಆವತ್ತು ರಾತ್ರಿ ನನ್ನ ಮಗ ಊಟ ಮಾಡಲಿಲ್ಲ.

ತುಮಕೂರಿನ ಅಪ್ಪ: ಆಟ ಆಡಿಸಿ, ಜೊತೆಗೆ ಕಾಗದಪತ್ರನೂ ನೋಡ್ಕೊಳ್ಳಿ. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಹತ್ತನೇ ಕ್ಲಾಸಿಗೆ 14 ತುಂಬಿರಬೇಕು. ನನ್ನ ಮಗನ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿತ್ತು. ತಿದ್ದಿಸೋಕೆ ಒಂಬತ್ತು ಸಲ ಅಲೆದೆ.

ಉಡುಪಿಯ ಅಜ್ಜಿ: ಗುಳಿಗೆ 5 ಅಲ್ಲ ಮಾರಾಯ್ರೇ, 4. ಒಟ್ಟು 56. ನಮ್ಮ ಚೆನ್ನೆಮಣೆ ಹಾಗೆಯೇ.

ಬೆಂಗಳೂರಿನ ಅಪ್ಪ: ನಮ್ಮಜ್ಜಿ ಹಾಸನದವರು, 70 ಬೀಜ ಎಣಿಸಿ ಡಬ್ಬಿಗೆ ಹಾಕಿಡ್ತಿದ್ರು. ಅವರು ತಪ್ಪು ಅಂತೀರಾ?

ಉಡುಪಿಯ ಅಜ್ಜಿ: ತಪ್ಪು ಅಂತ ಹೇಳ್ಲಿಲ್ಲ. ನಾಲ್ಕು ಹಾಕಿ ಒಮ್ಮೆ ಆಡಿ ನೋಡಿ.