ಸ್ಕ್ರೀನಿಂಗಲ್ಲಿ ಅಪ್ಪ "ಕಕ್ಕಡ" ಅಂದ್ರು, ಮಾರ್ಕು ಹೋಯ್ತು. ಮತ್ತೆ ಟೆಸ್ಟ್ ಮಾಡಿಸ್ಬಹುದಾ?

ವಿರಾಜಪೇಟೆ_ಮಗಳು:
ಅಪ್ಪಂಗೆ 71, ಮರೆವು ಈಗಷ್ಟೇ ಶುರು. ಬೇರೆ ಬೇರೆ ದೇಶದಲ್ಲಿ ಒಟ್ಟಿಗೆ ನಡೀತಿರೋ ಒಂದು ಔಷಧಿ ಟ್ರಯಲ್‌ಗೆ ಅಂತ ಆಗಸ್ಟ್ 3ಕ್ಕೆ ಬೆಂಗಳೂರಿಗೆ ಕರ್ಕೊಂಡ್ ಹೋದೆ, ಬೆಳಗಿನ ಜಾವ ಮೂರಕ್ಕೆ ಆ ಮಳೇಲಿ ಹೊರಟು. ನೆನಪು, ಯೋಚನೆ ನೋಡೋ 30 ಮಾರ್ಕಿನ ಎಂಎಂಎಸ್‌ಇ ಟೆಸ್ಟ್ ಕನ್ನಡದಲ್ಲಿ ಮಾಡಿದ್ರು. ಯಾವ ತಿಂಗಳು, ಎಷ್ಟನೇ ತಾರೀಕು ಅಂದ್ರೆ "ಕಕ್ಕಡ ಪದಿನೆಟ್ಟ್" ಅಂದ್ಬಿಟ್ರು. ಅಂದ್ರೆ ನಮ್ಮ ಕೊಡವ ಲೆಕ್ಕದ ಕಕ್ಕಡ ತಿಂಗಳ ಹದಿನೆಂಟು, ಅದು ಬರೋದು ಆಗಸ್ಟ್ 3ಕ್ಕೇ. ಆ ದಿನಕ್ಕೆ ಅಂತ ಮಾಡೋ ಮದ್ದು ಸೊಪ್ಪಿನ ಪಾಯಸ ಮನೇಲಿ ಬಿಟ್ಟು ಬಂದಿದ್ದು ತಲೇಲಿತ್ತು ಪಾಪ. ಲೆಕ್ಕ ಸರಿಯಾಗೇ ಇದೆ ಅಲ್ವಾ! ಎರಡಕ್ಕೂ ಸೊನ್ನೆ. 21 ಬಂತು, 22 ಬೇಕಿತ್ತಂತೆ. ಈಗ ದಿನಾ ಆಗಸ್ಟ್ ಸೆಪ್ಟೆಂಬರ್ ಅಂತ ಬಾಯಿಪಾಠ ಮಾಡಿಸ್ತಿದೀನಿ.

ಹಳೇ_ರೇಟರ್:
ಅಯ್ಯೋ ಮೇಡಂ ಬಾಯಿಪಾಠ ಮೊದ್ಲು ನಿಲ್ಸಿ, ಕಲ್ತು ಬಂದ ಮಾರ್ಕು ಯಾರಿಗೂ ಉಪಯೋಗ ಇಲ್ಲ. ಟೆಸ್ಟ್ ಮಾಡಿದೋರದ್ದೂ ತಪ್ಪಲ್ಲ, ಕೈಲಿರೋ ಹಾಳೇಲಿ ಬರ್ದಿದ್ದನ್ನ ಅಕ್ಷರಕ್ಕಕ್ಷರ ಓದ್ಬೇಕು, ಇಲ್ಲಾಂದ್ರೆ ಜಪಾನಿನ 22ಕ್ಕೂ ನಮ್ಮ 22ಕ್ಕೂ ತಾಳೆ ಆಗಲ್ಲ. ಇಷ್ಟು ಬಿಗಿ ಯಾಕೆ ಅಂದ್ರೆ, ಲೆಕಾನೆಮಾಬ್ ಅನ್ನೋ ಮರೆವಿನ ಕಾಯಿಲೆ (ಆಲ್‌ಝೈಮರ್) ಔಷಧಿಯ ಟ್ರಯಲ್ ನೋಡಿ, 1795 ಜನ, 18 ತಿಂಗಳು, ಕೊನೆಗೆ ಔಷಧಿ ತಗೊಂಡೋರಿಗೂ ತಗೊಳ್ದೋರಿಗೂ ಬಂದ ವ್ಯತ್ಯಾಸ 18 ಪಾಯಿಂಟಿನ ಸ್ಕೇಲಲ್ಲಿ 0.45. ಅಷ್ಟು ಸಣ್ಣದು, ಒಂದು ಊರಲ್ಲಿ ಧಾರಾಳವಾಗಿ ಮಾರ್ಕು ಹಾಕಿದ್ರೆ ಅದ್ರಲ್ಲೇ ಮುಳುಗಿ ಹೋಗತ್ತೆ.

ಆದ್ರೂ ಕೋಆರ್ಡಿನೇಟರ್‌ಗೆ ಮೇಲ್ ಹಾಕಿ. ಮನೆ ಮಾತು ಕೊಡವ ತಕ್ಕ್, ರಾತ್ರಿ ನಿದ್ದೆ ಇಲ್ದೆ ಬಂದಿದ್ರು, ಕೊಟ್ಟ ಉತ್ರ ಇಂಥದ್ದು ಅಂತ ಬರೀರಿ. ಮರು ಸ್ಕ್ರೀನಿಂಗ್‌ಗೆ ಪ್ರೋಟೋಕಾಲಲ್ಲಿ ಅವಕಾಶ ಇದ್ರೆ ಮಾತ್ರ ಆಗತ್ತೆ. ಟೆಸ್ಟ್ ನಡೀವಾಗ ನೀವು ಪಕ್ಕ ಕೂತು ತಕ್ಕ್‌ಲ್ಲಿ ತರ್ಜುಮೆ ಮಾಡೋದು ನಡೆಯಲ್ಲ, ಆಗ ಅದು ಬೇರೆ ಟೆಸ್ಟೇ ಆಗತ್ತೆ.

ಪೊನ್ನಂಪೇಟೆ_ಪ್ಲಾಂಟರ್:
ಮಾರ್ಕು ಸಿಗ್ತು ಅಂತಿಟ್ಕೊಳಿ ತಂಗಿ, ಆಮೇಲೆ? ಇಂಥ ಔಷಧಿ ಡ್ರಿಪ್ಪು, ಲೆಕಾನೆಮಾಬ್ ಎರಡು ವಾರಕ್ಕೊಂದ್ಸಲ ಕೊಡ್ತಿದ್ರು. ಮೆದುಳಲ್ಲಿ ಬಾವು, ರಕ್ತಸ್ರಾವ ಆಗ್ಬಹುದು ಅಂತ ಮಧ್ಯೆ ಮಧ್ಯೆ ಎಂಆರ್‌ಐ ಬೇರೆ. ನಮಗೆ ರೈಲಿಲ್ಲ. ಜೊತೆಗೆ ಸ್ಟಡಿ ಪಾರ್ಟ್ನರ್ ಅಂತ ಒಬ್ರು ಬೇಕು, ಅವ್ರನ್ನೂ ಕೂರಿಸಿ ಇಂಟರ್‌ವ್ಯೂ ಮಾಡ್ತಾರೆ, ದಿನಾ ನೋಡ್ತಿರೋರೇ ಆಗ್ಬೇಕು. ಕಾಫಿ ಕೊಯ್ಲಲ್ಲಿ ನೀವು ಹೋಗ್ತೀರಾ?

ವಿರಾಜಪೇಟೆ_ಮಗಳು:
ಅಪ್ಡೇಟ್. ಮರು ಸ್ಕ್ರೀನಿಂಗ್‌ಗೆ ಅವಕಾಶ ಇದೆಯಂತೆ, ಕೆಲವು ವಾರ ಬಿಟ್ಟು. ಕೊಡವ ತಕ್ಕ್ ಹಾಳೆ ಇಲ್ಲ, ಕನ್ನಡದ್ದೇ. ಹಿಂದಿನ ದಿನಾನೇ ಹೋಗಿ ಚಿಕ್ಕಮ್ಮನ ಮನೇಲಿ ಉಳ್ಕೋತೀವಿ. ಬಾಯಿಪಾಠ ನಿಲ್ಸಿದೀನಿ ಸರ್. ಪ್ಲಾಂಟರ್ ಅಣ್ಣ, ಕೊಯ್ಲಿನ ಪ್ರಶ್ನೆಗೆ ಮಾತ್ರ ನನ್ಹತ್ರ ಉತ್ರ ಇಲ್ಲ, ತಮ್ಮ ಬರ್ತಾನಾ ಅಂತ ಕೇಳ್ಬೇಕು, ಆದ್ರೆ ಅವ್ನು ಅಪ್ಪನ್ನ ನೋಡೋದೇ ಹುತ್ತರಿ ಹಬ್ಬಕ್ಕೆ.